ತುಳಿದ ಬುಟ್ಟಿ

“ಗುರುಗಳೇ, ಕೇಳಿದಷ್ಟು ಹಣ ಕೊಡುತ್ತೇನೆಂದರೂ ಕಸ ಒಯ್ಯುವ ಹೆಂಗಸು ಮಠದ ಬುಟ್ಟಿಯನ್ನು ಎತ್ತಲಿಲ್ಲ. ಮಡಚಲು ಬಾರದ ಎರಡು ಬೆರಳು ಚಾಚಿ, ‘ಇದು ಆಗದು’ ಎಂದು ಹೊರಟೇ ಹೋದಳು. ಇದು ಗರ್ವವಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸು, ಇನ್ನು ಊರಿನ ಕಸ ಹೊತ್ತು ಬದುಕುತ್ತೇನೆಂದು ಆ ಕೆಲಸ ಬಿಟ್ಟಳು. ವರ್ತಕ ನಕ್ಕ. “ನಿನಗೆ ವ್ಯಾಪಾರವೇ? ಯುಗಾದಿಯೊಳಗೆ ನಮ್ಮ ಹಿತ್ತಿಲ ಬಾಗಿಲು ತಟ್ಟದಿದ್ದರೆ ಕೇಳು” ಎಂದ. ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು.

ಬುಟ್ಟಿಗೆ ಇಷ್ಟು ಎಂದು ದರ ಇಟ್ಟಳು. ಅಲ್ಲೇ ತಪ್ಪಿದಳು. ಬುಟ್ಟಿಗೆ ದರವೆಂದ ಮೇಲೆ, ಎರಡು ಬುಟ್ಟಿಯ ಕಸವನ್ನು ಒಂದರಲ್ಲೇ ತುರುಕುವುದು ಜಾಣತನವಾಯಿತು. ಊರಿನವರು ಬುಟ್ಟಿಯೊಳಗೆ ಕಾಲಿಟ್ಟು ತುಳಿದರು. ಕಾಗದ ಸಾರಿನಲ್ಲಿ ನೆನೆಯಿತು, ಸೀಸೆ ಒಡೆದು ಅನ್ನದಲ್ಲಿ ಬೆರೆಯಿತು. ಅದನ್ನು ಗುಜರಿಯವನು ಕೊಳ್ಳಲಿಲ್ಲ, ಗೊಬ್ಬರಕ್ಕೆಂದು ರೈತನೂ ಒಯ್ಯಲಿಲ್ಲ. ಮಾರಿದರೆ ಅನ್ನವಾಗಬೇಕಾದದ್ದು ಹೂಳಬೇಕಾದ ಹೊರೆಯಾಯಿತು. ಒಂದು ದಿನ ವರ್ತಕನ ಬುಟ್ಟಿಯಲ್ಲಿ ಕೈಯಾಡಿಸಿದಾಗ ಒಡೆದ ಗಾಜು ಅವಳ ಎರಡು ಬೆರಳಿನ ನರ ಕತ್ತರಿಸಿತು.

ಗಾಯ ಮಾಯುವ ಮೊದಲೇ ಅವಳು ಮನೆಮನೆಗೂ ಹೋಗಿ ಹೇಳಿದಳು: “ಹಸಿ, ಒಣ, ಗಾಜು ಬೇರೆ ಬೇರೆ ಇಟ್ಟರೆ ಬಿಟ್ಟಿಯಾಗಿ ಒಯ್ಯುತ್ತೇನೆ. ತುಳಿದ ಬುಟ್ಟಿಯನ್ನು ಯಾವ ದರಕ್ಕೂ ಮುಟ್ಟುವುದಿಲ್ಲ.”

ವರ್ತಕ ಜಗಲಿಯಿಂದಲೇ ದುಪ್ಪಟ್ಟು ಹಣ ಎಸೆದ. “ತಗೊಳ್ಳೇ. ನಮ್ಮ ಮನೆಯಲ್ಲಿ ಕಸ ಆರಿಸುವವರು ಯಾರೂ ಇಲ್ಲ. ಒಬ್ಬಳಿದ್ದಳು, ವ್ಯಾಪಾರಕ್ಕೆ ಹೋದಳು.”

ಅಂದು ಅವಳ ಮನೆಯಲ್ಲಿ ಬೇಯಿಸಲು ಅಕ್ಕಿ ಇರಲಿಲ್ಲ. ಆದರೂ ಹಣವನ್ನು ಆಯ್ದು ಜಗಲಿಯ ಮೇಲೆ ಇಟ್ಟಳು. “ಯಜಮಾನರೇ, ನೀವು ಕೊಡುತ್ತಿರುವುದು ಹೊರುವ ಕೂಲಿ. ನನ್ನ ಬೆರಳಿಗೆ ನಾನಿನ್ನೂ ದರ ಹೇಳಿಲ್ಲ.”

ಬುಟ್ಟಿ ಬಾಗಿಲಲ್ಲೇ ಕೊಳೆಯಿತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಪಕ್ಕದ ಅಂಗಡಿಗೆ ನಡೆದರು. ವರ್ತಕ ಬೇರೆ ಕೂಲಿಯವರನ್ನು ಕರೆದ. ಅವಳ ಕೈ ನೋಡಿದ್ದವರು ಯಾರೂ ಬರಲಿಲ್ಲ.

ಯುಗಾದಿಯ ಹಿಂದಿನ ದಿನ ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದವನು ವರ್ತಕ, ತಟ್ಟಿದ್ದು ಅವಳ ಬಾಗಿಲು. ಅವನ ಕೈಯಲ್ಲಿ ಹಸಿ, ಒಣ, ಗಾಜು ಬೇರೆ ಬೇರೆ ಕಟ್ಟಿದ ಗಂಟುಗಳಿದ್ದವು. ಅವಳು ಒಂದೊಂದನ್ನೂ ಬಿಚ್ಚಿ ನೋಡಿ ತೆಗೆದುಕೊಂಡಳು. ಕಾಸು ಕೇಳಲಿಲ್ಲ.

ಹೀಗೆ ಬೇರೆ ಬೇರೆಯಾಗಿ ಬಂದ ಕಸವನ್ನು ಗುಜರಿಯವನಿಗೂ ರೈತನಿಗೂ ಮಾರಿ ಅವಳು ಬದುಕು ಕಟ್ಟಿಕೊಂಡಳು. ಈಗ ಅವಳಿಗೆ ಸ್ವಂತ ಜಾಗವಿದೆ, ಹೆಂಚಿನ ಕೊಟ್ಟಿಗೆಯಿದೆ, ಎತ್ತಿನ ಗಾಡಿಯಿದೆ. ಅದಕ್ಕೆ ತೆತ್ತದ್ದು ಎರಡು ಬೆರಳು. ಅವು ಇನ್ನು ಹೂ ಕಟ್ಟಲಾರವು.

ಕತೆ ಮುಗಿಯಿತು. ಶಿಷ್ಯ ಏನೋ ಹೇಳಲು ಬಾಯಿ ತೆರೆದ.

“ಗರ್ವವೇ ಹೌದು, ಆದರೆ ಮಠದ ಬುಟ್ಟಿಯನ್ನು ತುಳಿದ ಕಾಲು ಯಾರದು?” ಎಂದರು ಗುರುಗಳು.