ಬಲಗಾಲಿನ ಅನುಮಾನ

ಗುರುಪಾದಪ್ಪನ ಚರ್ಮದ ಬೂಟುಗಳನ್ನು ಅವನ ತಮ್ಮ ಒಂದು ದಿನ ಗೆಳೆಯನ ಮದುವೆಗೆಂದು ಹಾಕಿಕೊಂಡು ಹೋಗಿ ಬಂದ. ಮರುದಿನ ಗುರುಪಾದಪ್ಪನ ಬಲಗಾಲು ತನ್ನ ಬೂಟಿನೊಳಗೆ ಇಳಿಯುತ್ತಲೇ ತಡೆದು ನಿಂತಿತು.

"ಕಿರುಬೆರಳಿನ ಪಕ್ಕ ಸಡಿಲವಾಗಿದೆ. ಯಾರು ಬಂದಿದ್ದರು?" ಎಂದು ಕೇಳಿತು.

"ಯಜಮಾನರ ತಮ್ಮನ ಕಾಲು," ಎಂದಿತು ಬೂಟು. "ಅದು ಅಗಲ. ನಾನು ಬಿಗಿಯಾಗಿಯೇ ಹಿಡಿದಿದ್ದೆ. ಪಾಪ, ಛತ್ರದವರೆಗೂ ಕುಂಟುತ್ತಲೇ ಹೋಯಿತು."

"ಬಿಗಿಯಾಗಿ ಹಿಡಿದಿದ್ದರೆ ಸಡಿಲವಾದದ್ದು ಹೇಗೆ? ಅದರ ಮೇಲೆ ಪಾಪ ಬೇರೆ ಅನ್ನುತ್ತೀಯೆ!"

"ನೀನು ಮೊದಲು ಬಂದಾಗಲೂ ಹಾಗೆಯೇ ಹಿಡಿದಿದ್ದೆ. ನಿನಗೂ ಬೊಬ್ಬೆ ಎದ್ದಿತ್ತು. ನೀನು ನಡೆದಂತೆಲ್ಲ ನಾನು ನಿನ್ನ ಅಳತೆಗೆ ಒಗ್ಗಿದೆ. ಒತ್ತಿದ ಕಡೆ ಹಿಗ್ಗುವುದು ಚರ್ಮದ ಗುಣ. ನಾಲ್ಕು ದಿನ ಎಂದಿನಂತೆ ನಡೆ, ಮತ್ತೆ ಹೊಂದಿಕೊಳ್ಳುತ್ತೇನೆ."

ಕಾಲು ನಂಬಲಿಲ್ಲ. ಅಂದಿನಿಂದ ಬೂಟಿಗೆ ಸಲಿಗೆ ಕೊಡಬಾರದೆಂದು ಬೆರಳುಗಳನ್ನು ಮುದುರಿಕೊಂಡೇ ನಡೆಯಿತು. ಮುದುರಿದ ಬೆರಳಿನ ಗೆಣ್ಣು ಮೇಲಿನ ಚರ್ಮಕ್ಕೆ ಉಜ್ಜಿ ಉಜ್ಜಿ ಅಲ್ಲೊಂದು ಆಣಿ ಎದ್ದಿತು.

ಆಗ ಬಲಗಾಲು ನೋವಿನಿಂದ ಎಡಗಾಲಿಗೆ ಹೇಳಿತು:

"ನನ್ನ ಅನುಮಾನ ಸುಳ್ಳಾಯಿತೇ? ಪರರಿಗೆ ಜಾಗ ಬಿಟ್ಟ ಬೂಟು ಈಗ ನನ್ನನ್ನೇ ಕಚ್ಚುತ್ತಿದೆ, ನೋಡು!"