ಮೆಷಿನ್ನಿಗೆ ಬಾಣಂತನ

ಬನ್ರಪ್ಪಾ, ಬನ್ರವ್ವಾ, ಹತ್ರ ಬಂದು ಕೂತ್ಕೊಳ್ರಿ. ನಗು ಬಂದರೆ ನಗ್ರಿ, ಆದರೆ ಹುಡುಗನ್ನ ಮಾತ್ರ ಬೈಬೇಡ್ರಿ. ಬೈಯೋಕೆ ಅವರವ್ವ ಇದಾಳೆ.

ಹರಿಹರದಲ್ಲಿ, ಹೊಳೆಯ ಈ ದಡಕ್ಕೆ, ಹಾಲಮ್ಮ ಅಂತ ಒಬ್ಬ ತಾಯಿ. ಅವಳಿಗೆ ಕರಿಬಸ ಅಂತ ಒಬ್ಬ ಮಗ. ಮೈ ನೋಡಿದರೆ ಎತ್ತಿನಂಗೆ ಗಟ್ಟಿ, ಮನಸ್ಸು ನೋಡಿದರೆ ಹಾಲು. ಬುದ್ಧಿ ಒಂದೇ ಕಡಿಮೆ. ದೇವರು ಬುದ್ಧಿ ಹಂಚುವಾಗ ಇವನು "ನೀವು ಮೊದ್ಲು ತಗೊಳ್ರಿ, ನೀವು ಮೊದ್ಲು ತಗೊಳ್ರಿ" ಅಂತ ಎಲ್ಲರಿಗೂ ದಾರಿ ಬಿಟ್ಟು ಹಿಂದೆ ನಿಂತಿದ್ದ ಅಂತ ಕಾಣುತ್ತೆ. ಏನು ಹೇಳಿದರೂ ಹೇಳಿದಂಗೇ ಮಾಡೋನು.

ಮಗಳು ಸುಮಂಗಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಐದು ತಿಂಗಳು ತುಂಬೋ ತನಕ ಬಾಣಂತಿ ತವರಲ್ಲೇ ಇರಬೇಕು, ಹೊಳೆ ದಾಟಬಾರದು, ಅದು ಅವರ ಮನೆಯ ಪದ್ಧತಿ. ಗಂಡನ ಮನೆ ಇದ್ದದ್ದೇ ಹೊಳೆ ಆಚೆ, ರಾಣೆಬೆನ್ನೂರಲ್ಲಿ. ಎಲ್ಲಾ ಸುಸೂತ್ರವಾಗಿ ನಡೀತಿತ್ತು. ಅಷ್ಟರಲ್ಲಿ ಹಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಕೊಂಡಳು. ಸುದ್ದಿ ಹೊಳೆ ದಾಟಿ ಬೀಗತಿ ಶಿವಲೀಲಮ್ಮನ ಕಿವಿಗೆ ಬಿತ್ತು. ಫೋನ್ ಬಂತು.

"ಒಂದ ಕೈಯಾಗ ಎಂಥಾ ಬಾಣಂತನ ಮಾಡ್ತೀಯವಾ ಹಾಲಮ್ಮ? ಸೋಮವಾರ ಬಂದು ನೋಡ್ತೀವಿ. ಸರಿ ಕಾಣಲಿಲ್ಲ ಅಂದ್ರ ಸೊಸೀನ್ನ, ಕೂಸಿನ್ನ ಅವತ್ತ ಕರಕೊಂಡು ಬರ್ತೀವಿ!"

ಹಾಲಮ್ಮ ಫೋನ್ ಇಟ್ಟು ಮಗಳ ಕಡೆ ನೋಡಿದಳು. ಮಗಳ ಮೈ ಇನ್ನೂ ಹಸಿ. ಈಗಲೇ ಹೋದರೆ ಗತಿಯೇನು? ಆದರೂ ಒಂದು ಧೈರ್ಯ ಇತ್ತು. ಎದುರುಮನೆ ಟೀಚರಮ್ಮ ಬಿಟ್ಟುಕೊಟ್ಟ ಹಳೇ ವಾಷಿಂಗ್ ಮೆಷಿನ್ ಮನೆಯಲ್ಲಿತ್ತು. ಕೂಸಿನ ಬಟ್ಟೆ, ಬಾಣಂತಿ ಬಟ್ಟೆ ಅದು ಒಗೆದುಕೊಟ್ಟರೆ ಸಾಕು, ಮಿಕ್ಕಿದ್ದು ಎಡಗೈಲಿ ಮಾಡೇನು ಅಂದುಕೊಂಡಳು. ಅವಳು ಹಂಗೆ ಅಂದುಕೊಂಡಿದ್ದೇ ತಡ, ಮೆಷಿನ್ ಗುರ್ ಅಂತು, ಗೊರ್ ಅಂತು, ಹೊಟ್ಟೆ ತುಂಬ ನೀರು ಹಿಡಕೊಂಡು ನಿಂತೇಬಿಡ್ತು.

ರಿಪೇರಿ ಮಾಡೋ ಇಲಿಯಾಸ್ ತಂಗಿ ಮದುವೆಗೆ ಹೊಸಪೇಟೆಗೆ ಹೋಗಿದ್ದ. "ಮಂಗಳವಾರ ಬರ್ತೀನಿ ಅವ್ವಾ. ಅಲ್ಲೀ ತನಕ ಫೋನಲ್ಲೇ ಹೇಳ್ತೀನಿ, ನಿಮ್ಮ ಹುಡುಗನ ಕೈಲಿ ಮಾಡಿಸ್ರಿ" ಅಂದ. ಪಾಪ, ಅವನಿಗೆ ನಮ್ಮ ಹುಡುಗನ ವಿಷಯ ಗೊತ್ತಿರಲಿಲ್ಲ.

"ಮೊದ್ಲು ನಲ್ಲೀಲಿ ನೀರು ಬರ್ತೈತಾ ನೋಡಪ್ಪಾ" ಅಂದ ಇಲಿಯಾಸ್.

ಕರಿಬಸ ನಲ್ಲಿ ತಿರುಗಿಸಿದ. ನೀರು ಬಂತು. ನೋಡಿದ. ಇನ್ನೂ ಬಂತು. ಇನ್ನೂ ನೋಡಿದ. ಕುಕ್ಕರುಗಾಲಲ್ಲಿ ಕೂತು ಕಣ್ಣು ಪಿಳುಕಿಸದೆ ನೋಡಿದ. ನೀರು ಅಂಗಳಕ್ಕೆ ಹೋಯ್ತು, ಅಂಗಳದಿಂದ ಬೀದಿಗೆ ಹೋಯ್ತು, ಮಾಳಿಗೆ ಮೇಲಿನ ಟ್ಯಾಂಕೇ ಬರಿದಾಯ್ತು.

"ಅವ್ವಾ! ಇಷ್ಟೊತ್ತು ಬರ್ತಿತ್ತು! ಈಗ ನಿಂತ್ಹೋಯ್ತು!"

"ಅಯ್ಯೋ ನನ್ನ ಹಣೇಬರವೇ! ನೋಡ್ತಾ ಕೂತ್ಯೇನೋ? ಬಾಣಂತಿಗೆ ಎರೆಯೋಕೆ ಒಂದು ಚೊಂಬು ನೀರಿಲ್ಲ! ನೀರು ಹೋಗೋದು ಕಂಡ ಕೂಡ್ಲೇ ಬಂದ್ ಮಾಡಬೇಕು ಕಣೋ!"

"ಆಯ್ತವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಇಲಿಯಾಸ್ ಹೇಳಿದ, "ಹಿಂದ್ಗಡೆ ಒಂದು ಪೈಪ್ ಐತಲ್ಲ, ಅದನ್ನ ಕೆಳಗಿಳಿಸು. ಒಳಗಿನ ನೀರು ಹೋಗ್ತೈತಾ ನೋಡು."

ಕರಿಬಸ ಪೈಪ್ ಇಳಿಸಿದ. ಸಣ್ಣಗೆ ನೀರು ಹೋಗೋಕೆ ಶುರುವಾಯ್ತು. ನೀರು ಹೋಗೋದು ಕಂಡ ಕೂಡಲೇ ಏನು ಮಾಡಬೇಕು? ಬಂದ್ ಮಾಡಬೇಕು! ಓಡಿಹೋಗಿ ಮೆಕ್ಕೆಜೋಳದ ಬೆಂಡು ತಂದ, ಪೈಪಿನ ಬಾಯಿಗೆ ಜಡಿದ. ಮೇಲಿಂದ ನಲ್ಲಿ ಬಿಟ್ಟ, ಸೋಪಿನ ಪುಡಿ ಹಾಕಿದ, ಗುಂಡಿ ಒತ್ತಿದ. ಮೆಷಿನ್ ಮುಚ್ಚಳ ಎತ್ತಿಕೊಂಡು ನೊರೆ ಉಕ್ಕಿತು. ಬಚ್ಚಲು ತುಂಬಿತು, ನಡುಮನೆಗೂ ಬಂತು. ಬೆಕ್ಕು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಬೆಳ್ಳಗಾಗಿ ಬಂತು.

"ಏನೋ ಇದು ಕರಿಬಸಾ!"

"ಬಂದ್ ಮಾಡೀನಿ ಅವ್ವ! ಒಂದು ಹನೀನೂ ಬಿಟ್ಟಿಲ್ಲ!"

"ಅದು ಹೊರಗೆ ಹೋಗಬೇಕಾದ ನೀರು ಕಣೋ! ಹೊರಗೆ ಹೋಗೋದನ್ನ ಯಾರಾದ್ರೂ ತಡೀತಾರೇನೋ? ದಾರಿ ಬಿಡಬೇಕು!"

"ಆಯ್ತವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಅವತ್ತು ಕೂಸಿನ ಬಟ್ಟೆಯನ್ನೆಲ್ಲ ಕರಿಬಸ ತಾನೇ ಕಲ್ಲಿನ ಮೇಲೆ ಕುಕ್ಕಿದ. ಕೂಸಿನ ತಲೆಗೆ ಹಾಕೋ ಕುಂಚಿಗೆಯನ್ನಂತೂ ಮುದ್ದು ಮಾಡಿ ಮಾಡಿ ಒಗೆದು, ಅಂಗಳದ ಹಗ್ಗಕ್ಕೆ ಹಾಕಿದ. ಎಲ್ಲಿಂದಲೋ ಒಂದು ಮೇಕೆ ಬಂತು. ಕುಂಚಿಗೆ ಕಚ್ಚಿಕೊಂಡಿತು. ಗೇಟಿನ ಕಡೆ ನಡೆಯಿತು. ಕರಿಬಸ ಓಡಿಹೋಗಿ ಗೇಟು ತೆಗೆದ, ಪಕ್ಕಕ್ಕೆ ಸರಿದು ನಿಂತ. "ಹೋಗವ್ವಾ, ನಿಧಾನಕ್ಕೆ ಹೋಗು" ಅಂದ.

ಆ ಕುಂಚಿಗೆಯನ್ನು ಹಾಲಮ್ಮ ಕೈ ಮುರಿಯೋಕೆ ಮುಂಚೆ ತಾನೇ ಹೊಲಿದಿದ್ದಳು. ಈ ಸಲ ಅವಳು ಬೈಯಲಿಲ್ಲ. ಕಟ್ಟೆ ಮೇಲೆ ಕೂತು ಅತ್ತಳು. ಕರಿಬಸನಿಗೆ ಬೈದರೆ ಏನೂ ಆಗ್ತಿರಲಿಲ್ಲ, ಅವ್ವ ಅತ್ತರೆ ಮಾತ್ರ ತಡೀತಿರಲಿಲ್ಲ. ಅವನೂ ಪಕ್ಕದಲ್ಲಿ ಕೂತು ಅತ್ತ. ಯಾಕೆ ಅಂತ ಗೊತ್ತಿಲ್ಲ, ಆದರೆ ಅವ್ವನಿಗಿಂತ ಜೋರಾಗಿ ಅತ್ತ. ಕೊನೆಗೆ ಅವಳೇ ಅವನ ಕಣ್ಣೊರೆಸಬೇಕಾಯ್ತು.

ಭಾನುವಾರ ಹಿಂಗೇ ಗುಂಡಿ ಒತ್ತಿದರೆ ಮೆಷಿನ್ ತಿರುಗಿತು! ತಿರುಗಿತು ನಿಜ, ಆದರೆ ಗಡಗಡ ಅಂತ ನಡುಗಿ ಬಚ್ಚಲೆಲ್ಲ ಓಡಾಡಿತು. ಇಲಿಯಾಸ್ ಫೋನಲ್ಲಿ ಹೇಳಿದ, "ಅಲ್ಲಾಡೋ ಕಾಲಿನ ಕೆಳಗೆ ಒಂದು ಹಲಗೆ ಚೂರು ಕೊಡಪ್ಪಾ."

ಕರಿಬಸ ಕೊಟ್ಟ. ನಿಂತುಬಿಡ್ತು ನೋಡ್ರಿ ನಡುಕ! ಹಾಲಮ್ಮನಿಗೆ ನಂಬೋಕೇ ಆಗಲಿಲ್ಲ.

"ಭೇಷ್ ನನ್ನ ಮಗನೇ! ಕಾಲು ಅಲ್ಲಾಡಿದ್ರೆ ಹಿಂಗೇ ಮಾಡಬೇಕು!"

ಹುಟ್ಟಿದಾಗಿಂದ ಅವನು ಕೇಳಿದ ಮೊದಲನೇ ಭೇಷ್ ಅದು. ಅವತ್ತೆಲ್ಲ ಒಬ್ಬನೇ ನಗ್ತಾ ಓಡಾಡಿದ. "ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ.

ಸೋಮವಾರ ಬೀಗರು ಬಂದರು. ಬೀಗ ಓಂಕಾರಪ್ಪ ಕುರ್ಚಿ ಮೇಲೆ ಕೂತರು. ದೊಡ್ಡ ಮನುಷ್ಯರು, ಕೂತರೆ ಒಂದು ಕಾಲು ಕುಣಿಸೋದು ಅವರ ಅಭ್ಯಾಸ. ಕರಿಬಸ ನೀರು ತಂದುಕೊಟ್ಟ. ಕಾಲು ನೋಡಿದ. ಅಲ್ಲಾಡ್ತಿದೆ! ಒಳಗೆ ಹೋಗಿ ಹಲಗೆ ಚೂರು ತಂದ, ಬೀಗರ ಪಾದ ಎರಡೂ ಕೈಲಿ ಎತ್ತಿದ, ಕೆಳಗೆ ಚೂರು ತುರುಕಿ ಸುತ್ತಿಗೆಯಲ್ಲಿ ಟಕ್ ಅಂತ ಒಂದೇಟು ಕೊಟ್ಟ. ಏಟು ಹಲಗೆಗೂ ಬಿತ್ತು, ಕಿರುಬೆರಳಿಗೂ ಬಿತ್ತು.

"ಅಯ್ಯಯ್ಯಪ್ಪಾ!"

"ಈಗ ನೋಡ್ರಿ ಮಾವಾ, ಅಲ್ಲಾಡಲ್ಲ!"

ಶಿವಲೀಲಮ್ಮ ಎದ್ದು ನಿಂತಳು. "ಏನವಾ ಇದು, ಮನಿಗೆ ಬಂದ ಬೀಗರಿಗೆ ಮರ್ಯಾದಿ? ಸಾಕು ಬಿಡು! ಊಟ ಆದ ಮ್ಯಾಲೆ ಸೊಸೀನ್ನ ಕರಕೊಂಡು ಹೊಂಟ್ವಿ. ಬಟ್ಟಿ ತುಂಬು ಸುಮಂಗಲಾ!"

ಅದೇ ಹೊತ್ತಿಗೆ ಬಚ್ಚಲಲ್ಲಿ ತಿರುಗ್ತಿದ್ದ ಮೆಷಿನ್ನಿಂದ ಸುಟ್ಟ ವಾಸನೆ. ಹಾಲಮ್ಮ ಓಡಿಹೋಗಿ ಸ್ವಿಚ್ ಆರಿಸಿದಳು, ವೈರು ಕಿತ್ತಳು. ಇಲಿಯಾಸ್ ಫೋನಲ್ಲಿ, "ಬಿಸಿಯಾಗೈತೆ ಅವ್ವಾ, ನಾಳೆ ನಾನು ಬರೋ ತನಕ ಅದಕ್ಕೆ ರೆಸ್ಟ್ ಕೊಡ್ರಿ" ಅಂದ.

"ಕೇಳಿಸ್ತೇನೋ? ಅದಕ್ಕೆ ರೆಸ್ಟ್ ಕೊಡು!" ಅಂದಳು ಹಾಲಮ್ಮ. ಅವಳ ಕಣ್ಣಲ್ಲಿ ನೀರು.

"ರೆಸ್ಟ್ ಅಂದ್ರೆ ಹೆಂಗವ್ವ?"

"ಇಷ್ಟು ದಿನದಿಂದ ನಿಮ್ಮಕ್ಕನ್ನ ನೋಡ್ತಿಲ್ವೇನೋ, ಬಡ್ಡೇತದೇ!"

"ಆಯ್ತವ್ವ. ಹಂಗೇ ಮಾಡ್ತೀನಿ."

ಊಟ ಆಯ್ತು. ಸುಮಂಗಲ ಅಳ್ತಾ ಬಟ್ಟೆ ತುಂಬಿದಳು. ಹಾಲಮ್ಮ ಎಡಗೈಲಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಶಿವಲೀಲಮ್ಮ ಕೈ ತೊಳೆಯೋಕೆ ಹಿಂದಕ್ಕೆ ಹೋದಳು. ಹೋದವಳು ಅಲ್ಲೇ ನಿಂತಳು.

ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿತ್ತು. ಚಾಪೆ ಮೇಲೆ ಮೆಷಿನ್ ಮಲಗಿತ್ತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು, ತೂತು ಇದ್ದಲ್ಲೆಲ್ಲ ಅರಳೆ ಇಟ್ಟಿತ್ತು, ಕುತ್ತಿಗೆ ತನಕ ಕಂಬಳಿ ಹೊದಿಸಿತ್ತು. ಪಕ್ಕದಲ್ಲಿ ಲೋಬಾನದ ಹೊಗೆ, ದಿಂಬಿನ ಕೆಳಗೆ ಕಬ್ಬಿಣದ ಚೂರು, ಮುಚ್ಚಳಕ್ಕೆ ದೃಷ್ಟಿಬೊಟ್ಟು. ಕರಿಬಸ ಸೋಪಿನ ಪುಡಿ ಹಾಕೋ ಗೂಡಿಗೆ ಚಮಚದಲ್ಲಿ ಮೆಣಸಿನ ಸಾರು ಕುಡಿಸ್ತಿದ್ದ.

"ಏನೋ ಮಾಡಾಕತ್ತೀ?"

"ಶ್! ಮೆಲ್ಲಗೆ ಅತ್ತೇ. ಈಗ ತಾನೇ ಕಣ್ಣು ಮುಚ್ಚೈತೆ. ಗಾಳಿ ಹೋಗಬಾರ್ದು, ಬಾಗ್ಲು ಹಾಕ್ರಿ."

"ಇದನ್ನೆಲ್ಲ ಯಾರು ಹೇಳಿಕೊಟ್ರೋ ನಿಂಗ?"

"ಅವ್ವ ಅಕ್ಕಂಗೆ ದಿನಾ ಮಾಡ್ತಾಳಲ್ಲ! ಕೋಳಿ ಕೂಗೋಕೆ ಮುಂಚೆ ಏಳ್ತಾಳೆ. ಎಡಗೈಲೇ ಎಣ್ಣೆ ಹಚ್ತಾಳೆ, ಎಡಗೈಲೇ ನೀರು ಎರೀತಾಳೆ. ಕೈ ನೋಯ್ತದೆ ಅಂತ ಬಚ್ಚಲಲ್ಲಿ ಕೂತು ಅಳ್ತಾಳೆ. ಆಮೇಲೆ ಮುಖ ತೊಳ್ಕೊಂಡು ಬಂದು ಅಕ್ಕನ ಮುಂದೆ ನಗ್ತಾಳೆ. ನಂಗೆ ಅವ್ವನಂಗೆ ಮೆಲ್ಲಗೆ ಅಳೋಕೆ ಬರಲ್ಲ, ಅದಕ್ಕೇ ಮೆಷಿನ್ನಿಗೆ ಬರೀ ಸಾರು ಕೊಟ್ಟೆ."

ಶಿವಲೀಲಮ್ಮ ಮೆಲ್ಲಗೆ ಬಾಗಿಲು ಹಾಕಿದಳು. ಜಾಣ ಆಗಿದ್ದರೆ ಬೀಗತಿ ಮುಂದೆ ಬಣ್ಣ ಕಟ್ಟಿ ಹೇಳ್ತಿದಾನೆ ಅನ್ನಬಹುದಿತ್ತು. ಇವನಿಗೆ ಬಣ್ಣ ಎಲ್ಲಿಂದ ಬರಬೇಕು? ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಡುಮನೆಗೆ ಬಂದಳು.

"ಬಟ್ಟಿ ಇಳಿಸು ಸುಮಂಗಲಾ. ಕಬ್ಬಿಣದ ಮೆಷಿನ್ನಿಗೇ ಇಷ್ಟು ಬಾಣಂತನ ಮಾಡೋ ಮನ್ಯಾಗ ನಿನಗೇನು ಕಡಿಮಿ ಆದೀತು! ಐದು ತಿಂಗಳು ತುಂಬಲಿ. ಅಲ್ಲೀ ಮಟ ಬಾಣಂತಿ ಹೊಳಿ ದಾಟೂದು ಬ್ಯಾಡ. ಹಾಲಮ್ಮ, ಕೈ ಕೂಡೂ ತನಕ ನಾನೂ ಇಲ್ಲೇ ಇರ್ತೀನವಾ. ಎರೆಯೋದು ನಂಗ ಬಿಡು."

ಹಾಲಮ್ಮ ಕೂಸನ್ನು ಮಗಳ ಕೈಗೆ ಕೊಟ್ಟಳು. ಮಗಳು ಉಳಿದಳು! ಎಡಗೈಲಿ ಬೀಗತಿಯ ಕೈ ಹಿಡಕೊಂಡಳು, ಬಿಡಲೇ ಇಲ್ಲ.

ಮಂಗಳವಾರ ಇಲಿಯಾಸ್ ಬಂದ. ಮೆಷಿನ್ ನೋಡಿದ, ಕಂಬಳಿ ನೋಡಿದ, ತಲೆ ಕೆರಕೊಂಡ. "ಇದನ್ನ ನನ್ನ ಅಂಗಡಿಗೆ ಒಯ್ಬೇಕಪ್ಪಾ, ಆಟೋಕ್ಕೆ ಎತ್ತು" ಅಂದ.

"ಅಂಗಡಿ ಎಲ್ಲೈತೆ?"

"ಹೊಳೆ ಆಚೆ."

"ಆಗಲ್ಲ!" ಕರಿಬಸ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. "ಬಾಣಂತಿ ಹೊಳೆ ದಾಟಂಗಿಲ್ಲ! ಅತ್ತೆ ಹೇಳ್ಯಾರೆ!"

ಎತ್ತಿನಂಥ ಆಳು ಅಡ್ಡ ನಿಂತರೆ ಇಲಿಯಾಸ್ ಏನು ಮಾಡಬೇಕು? ಮಲಗಿದ್ದ ಮೆಷಿನ್ನನ್ನು ಅಲ್ಲೇ ಬಿಚ್ಚಿದ. ತಳದಲ್ಲಿ ಕೈ ಹಾಕಿ ಹುಡುಕಿದ, ಎಳೆದ, ಇನ್ನೂ ಎಳೆದ. ಬುಳುಕ್ ಅಂತ ನೀರು ಬಂತು, ನೀರಿನ ಹಿಂದೆ ಹೆಬ್ಬೆರಳುದ್ದದ, ಕೂಸಿನ ಒಂದು ಕಾಲುಚೀಲ ಬಂತು.

"ಇದೇ ನೋಡಪ್ಪಾ ಒಳಗೆ ಸಿಕ್ಕಾಕ್ಕೊಂಡಿದ್ದು!"

ಕರಿಬಸ ಒದ್ದೆ ಕಾಲುಚೀಲವನ್ನು ಎರಡೂ ಅಂಗೈಲಿ ಇಸಕೊಂಡ. ಕಣ್ಣು ಅರಳಿದವು.

"ಅವ್ವಾ! ಅಕ್ಕಾ! ಅತ್ತೇ! ಓಡಿ ಬನ್ರೀ! ಬಾಣಂತನ ಮೊದ್ಲೇ ಮಾಡಿಬಿಟ್ವಿ, ಹೆರಿಗೆ ಈಗಾಯ್ತು!"

ಕಾಲುಚೀಲವನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಅಕ್ಕನ ಕೂಸಿನ ಪಕ್ಕ ಮಲಗಿಸಿದ. ಅಡುಗೆಮನೆಗೆ ನುಗ್ಗಿ ಸಕ್ಕರೆ ಡಬ್ಬಿ ಹೊತ್ತು ಬೀದಿಗೆ ಓಡಿದ. "ನಮ್ಮ ಮೆಷಿನ್ ಹಡೀತು! ಸಕ್ಕರೆ ತಗೊಳ್ರೀ! ತಾಯಿ ಮಗು ಇಬ್ರೂ ಚೆನ್ನಾಗಿದಾರೆ!"

ನನ್ನ ಕೈಗೂ ಒಂದು ಹಿಡಿ ಬಿತ್ತು. ತಿಂದು ಬಾಯಿ ಒರೆಸಿಕೊಂಡೇ ನಿಮಗೆ ಈ ಕತೆ ಹೇಳಿದ್ದು.