ಗೀರುಬೆನ್ನಿಯ ಮೂರು ಗುಟ್ಟು

“ರಾಜಕುಮಾರಿ ಜಾಕಲದೇವಿಯ ಮೂರು ಒಗಟುಗಳನ್ನು ಬಿಡಿಸಿದವನಿಗೆ ಆಕೆಯ ಕೈಯೂ, ಅವನು ಬೇಡಿದ ಒಂದು ವರವೂ ಸಲ್ಲುವುವು, ತಪ್ಪಿದವನ ತಲೆ ಹುಣ್ಣಿಮೆಯಂದು ಉರುಳುವುದು” ಎಂದು ಕಡಲತಡಿಯ ಅರಸು ಬೀರದೇವನು ಡಂಗುರ ಹೊಯ್ಸಿದನು.

ಬಲೆ ಹೆಣೆಯುತ್ತಿದ್ದ ಬೆಸ್ತರ ದುಗ್ಗನ ಕಿವಿ ನಿಮಿರಿದ್ದು ವರವೆಂಬ ಮಾತಿಗೆ. ಇಂದಿನವರು ಡಾಲ್ಫಿನ್ ಎನ್ನುವ ಕಡಲಹಂದಿಯೊಂದು, ಬೆನ್ನ ಮೇಲಿನ ಗೀರಿನಿಂದ ಗೀರುಬೆನ್ನಿ ಎಂದು ಹೆಸರಾದದ್ದು, ಅವನ ತಂದೆಯ ಕಾಲದಿಂದಲೂ ಮೀನಿನ ಹಿಂಡನ್ನು ದಡಕ್ಕೆ ಅಟ್ಟಿ ತರುತ್ತಿತ್ತು. ಬಲೆಯ ಮೊದಲ ಮೀನು ಅದರ ಪಾಲೆಂಬುದು ಬೆಸ್ತರ ಕಟ್ಟಳೆ. ಕಳೆದ ವರ್ಷ ಉಬ್ಬರದೊಡನೆ ಅದು ಅರಮನೆಯ ಉಪ್ಪುನೀರ ಕೊಳವನ್ನು ಹೊಕ್ಕಿತು. ಮಗಳು ಅದನ್ನು ಮೆಚ್ಚಿದಳೆಂದು ಅರಸನು ಕೊಳದ ಬಾಯಿಗೆ ಕಟ್ಟೆ ಹಾಕಿಸಿಬಿಟ್ಟನು. ಗೀರುಬೆನ್ನಿಯನ್ನು ಬಿಡಿಸುವ ಆಸೆಯಿಂದ ದುಗ್ಗನು ತಲೆಯನ್ನೇ ಪಣವಿಟ್ಟು ಹೊರಟನು.

ಕೊಳದ ಮಗ್ಗುಲಿನ ಮಂಟಪದಲ್ಲಿ ಅವನಿಗಿಂತ ಮೊದಲು ಇಬ್ಬರಿದ್ದರು.

“ಬಾಯಿತುಂಬ ಹಲ್ಲುಂಟು, ಹಸಿವೂ ಉಂಟು, ಒಂದು ತುತ್ತನ್ನೂ ಅಗಿದುದಿಲ್ಲ. ಯಾರದು?” ಎಂದು ಜಾಕಲದೇವಿ ಕೇಳಿದಳು.

ಮಂತ್ರಿಯ ಸೋದರಳಿಯನು ಮೀಸೆ ತಿರುವಿ ಬಾಚಣಿಗೆ ಎಂದನು.

“ಬಾಚಣಿಗೆಗೆ ಹಸಿವಾದುದನ್ನು ಎಲ್ಲಿ ಕಂಡಿರಿ?” ಎಂದಳಾಕೆ. ಭಟರು ಅವನನ್ನು ಸೆರೆಮನೆಗೆ ಒಯ್ದರು.

ನೆರೆನಾಡಿನ ರಾಜಕುಮಾರನು, ಮೊದಲನೆಯದು ತನಗೆ ತೀರ ಹಗುರ, ಎರಡನೆಯದನ್ನೇ ಕೇಳಬೇಕು ಎಂದನು.

“ಗೊರಸಿಲ್ಲ, ಹುಲ್ಲು ಮುಟ್ಟದು, ಹೊಟ್ಟೆಯೊಳಗೆ ಮಾತ್ರ ಹಸುವಿನಂತೆ ಹಲವು ಕೋಣೆಗಳು.”

ಸರಕಿನ ಹಡಗೆಂದು ನುಡಿದು ಅವನೂ ಅದೇ ಹಾದಿ ಹಿಡಿದನು.

ದುಗ್ಗನು ಮುಂದೆ ಬಂದು ಕೈಮುಗಿದನು. “ಮೂರನ್ನೂ ಒಟ್ಟಿಗೆ ಕೇಳಿಬಿಡಿ, ಅಮ್ಮಣ್ಣಿಯವರೇ. ಒಂದೊಂದಕ್ಕೂ ಬೇರೆಬೇರೆ ಹೆದರುವಷ್ಟು ಶಕ್ತಿ ನನಗಿಲ್ಲ.”

ಆಕೆ ನಗು ತಡೆದು ಹಿಂದಿನೆರಡನ್ನೂ ಹೇಳಿ, ಮೂರನೆಯದನ್ನು ಸೇರಿಸಿದಳು: “ಹುಟ್ಟಿದಂದಿನಿಂದ ನೀರಲ್ಲೇ ಬಾಳಿಯೂ ಆ ನೀರನ್ನು ಕುಡಿಯದು. ಬಾಯಾರಿಕೆ ತೀರುವುದೆಂತು?”

ದುಗ್ಗನು ಕೊಳದತ್ತ ಕೈ ತೋರಿದನು.

“ಮೂರಕ್ಕೂ ಉತ್ತರ ಅಲ್ಲಿ ಈಜುತ್ತಿದ್ದಾಳೆ. ಹಲ್ಲಿರುವುದು ಹಿಡಿಯುವುದಕ್ಕೆ, ಅಗಿಯುವುದಕ್ಕಲ್ಲ. ಮೀನನ್ನು ತಲೆಯ ಕಡೆಯಿಂದ ಇಡಿಯಾಗಿ ನುಂಗುತ್ತಾಳೆ. ಬಾಲದ ಕಡೆಯಿಂದಾದರೆ ಮುಳ್ಳು ಗಂಟಲಿಗೆ ಚುಚ್ಚೀತು. ಸತ್ತು ದಡಕ್ಕೆ ಬಿದ್ದ ಕಡಲಹಂದಿಯೊಂದರ ಒಡಲನ್ನು ಅಪ್ಪ ಒಮ್ಮೆ ಸೀಳಿ ತೋರಿಸಿದ್ದ. ಅಗಿಯದ ತುತ್ತನ್ನು ಮೊದಲ ಕೋಣೆ ಹಿಸುಕಿ ನುರಿಸುತ್ತದೆ, ಎರಡನೆಯದು ರಸದಲ್ಲಿ ಕರಗಿಸುತ್ತದೆ, ಆಮೇಲಿನದು ಕರುಳಿಗೆ ಸಾಗಿಸುತ್ತದೆ. ಬಾಯಾರಿಕೆಗೆ ಬೇಕಾದ ನೀರೂ ಆ ಮೀನಿನ ಮೈಯಿಂದಲೇ.”

ರಾಜಕುಮಾರಿಗೆ ಆ ಒಡಲಿನ ಗುಟ್ಟನ್ನು ಹೇಳಿಕೊಟ್ಟಿದ್ದ ಅರಮನೆಯ ವೈದ್ಯರು ತಲೆದೂಗಿದರು. ಅರಸನು ವರವೇನೆಂದು ಕೇಳಿದನು.

“ಕೊಳದ ಕಟ್ಟೆ ಒಡೆಸಬೇಕು, ಒಡೆಯಾ.”

ಜಾಕಲದೇವಿಯ ಮುಖ ಬಾಡಿತು. ವರ್ಷವೆಲ್ಲ ಆ ಕೊಳದ ಮೆಟ್ಟಿಲಲ್ಲೇ ಕುಳಿತವಳು ಆಕೆ. ಆದರೂ ತಂದೆಯ ಕಡೆ ತಿರುಗಿ, “ಒಡೆಸಿ, ಅಪ್ಪಾ. ಅವಳು ಹೋಗುವ ಬೆಸ್ತರ ದಡಕ್ಕೆ ನಾನೂ ಹೋಗುತ್ತೇನೆ. ಮದುವೆಯ ಉಡುಗೊರೆಯಾಗಿ ಸೆರೆಯಲ್ಲಿರುವ ಆ ಇಬ್ಬರ ತಲೆಗಳನ್ನು ಅವರವರ ಹೆಗಲ ಮೇಲೆಯೇ ಉಳಿಸಿಕೊಡಿ” ಎಂದಳು.

ಹುಣ್ಣಿಮೆಯಂದು ಉರುಳಿದ್ದು ಕಟ್ಟೆಯ ಕಲ್ಲುಗಳು ಮಾತ್ರ. ಮದುವೆಯ ಮರುದಿನ ಬೆಳಗ್ಗೆ ಗೀರುಬೆನ್ನಿ ಮೀನಿನ ಹಿಂಡನ್ನು ದಡಕ್ಕೆ ಅಟ್ಟಿ ತಂದಿತು. ಜಾಕಲದೇವಿ ಮೊದಲ ಮೀನನ್ನು ಹಿಡಿದು ಮೊಣಕಾಲುದ್ದದ ನೀರಿಗಿಳಿದಳು.

“ತಲೆ ಮುಂದಾಗಿ,” ಎಂದನು ದುಗ್ಗ.

“ನನಗೆ ಕಲಿಸಬೇಡಿ,” ಎಂದಳು, “ಒಗಟು ಕೇಳಿದವಳು ನಾನು.”